ಬಲಗಿವಿಯ ಮಡಕಿ ಕಾಳು

ನಿಮ್ಮ ಮನೆಯಲ್ಲಿ ಮಡಕಿ ಕಾಳು ನೆನೆಹಾಕಿದ್ದೀರಾ? ಹಾಗಾದರೆ ಮೊದಲು ಮಕ್ಕಳ ಕಿವಿ ನೋಡಿ!

ನನ್ನ ಆರು ವರ್ಷದ ಮಗಳು ಚಿನ್ನಿ ಒಂದು ಕಾಳನ್ನು ಬಲಗಿವಿಗೆ ತುರುಕಿಕೊಂಡಿದ್ದಳು. ಯಾಕೆ? "ಮೊಳಕಿ ಬರ್ತೈತೇನಂತ ನೋಡಾಕತ್ತಿದ್ದೆ ಯವ್ವಾ!" ಎರಡು ದಿನ ಬಾಯಿಬಿಡಲಿಲ್ಲ ಮಹಾತಾಯಿ. ಕಾಳು ಉಬ್ಬಿ ಕೂತಿತ್ತು. ಆ ಕಡೆಯಿಂದ ಕರೆದರೆ ತಿರುಗುತ್ತಲೇ ಇರಲಿಲ್ಲ. (ಮಾತು ಕೇಳುವುದಿಲ್ಲ ಅಂತ ನಾನು ಬೈದೂ ಆಗಿತ್ತು.)

ಅತ್ತೆ, ನಾನು ಅವಳನ್ನು ಎತ್ತಿಕೊಂಡು ಮಸ್ಕಿಯಿಂದ ಸಿಂಧನೂರಿನ ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಅರಿವಳಿಕೆ ಕೊಟ್ಟು ಹತ್ತೇ ನಿಮಿಷದಲ್ಲಿ ಕಾಳು ತೆಗೆದರು. "ಕೇಳಸ್ತದೋ ಇಲ್ಲೋ ಪೂರಾ ಎಚ್ಚರಾದ ಮ್ಯಾಲ ನೋಡೋಣ್ರಿ. ಸಂಜಿಗೆ ಮನಿಗೆ ಕರ್ಕೊಂಡು ಹೋಗ್ರಿ" ಅಂದರು.

ನನ್ನ ಜೀವ ಆ 'ಇಲ್ಲೋ'ದಲ್ಲೇ ಸಿಕ್ಕಿಕೊಂಡಿತು.

ಅಷ್ಟರಲ್ಲಿ ವಿಮೆ ಕೌಂಟರಿನವ ಬಂದ. "ಮೇಡಂ, ಇಪ್ಪತ್ನಾಕು ತಾಸು ಅಡ್ಮಿಟ್ ಇದ್ರ ಮಾತ್ರ ಕ್ಲೇಮ್ ಬರ್ತೈತ್ರಿ." ಅತ್ತೆಗೆ ಸ್ವರ್ಗ ಮೂರೇ ಗೇಣು! "ಇರ್ಲಿ ಬಿಡವಾ ಒಂದಿನ. ಗುರುಗುಂಟಾದ ನಮ್ ಮಂದಿ ರೊಟ್ಟಿ ಕಟಗೊಂಡು ಬಸ್ ಹತ್ಯಾರ. ಬಂದೋರು ಯಾರನ್ನ ನೋಡ್ಬೇಕು?"

ನಮ್ಮ ಕಡೆ ಹಾಗೇ. ಅಡ್ಮಿಟ್ ಅಂದರೆ ಊರೇ ಎದ್ದು ಬರುತ್ತದೆ. ನಾನೂ ಹೂಂ ಅಂದೆ.

"ಹಾಸಗಿ ಯಾರಿಗ್ರಿ? ಹುಡುಗಿಗೋ, ಪಾಲಿಸಿಗೋ?" ಅಂದರು ಡಾಕ್ಟರಮ್ಮ. ನಾಚಿಕೆಯಾಯಿತು. ಆದರೂ ಅಡ್ಮಿಟ್ ಫಾರ್ಮಿಗೆ ಸಹಿ ಹಾಕಿದೆ.

ಮಧ್ಯಾಹ್ನಕ್ಕೆ ಗುರುಗುಂಟಾ ದಂಡು ಬಂತು. ಎಂಟು ಜನ, ರೊಟ್ಟಿ, ಶೇಂಗಾ ಚಟ್ನಿ. ನಾನು ಬಡಿಸುತ್ತಿದ್ದಾಗ ನನ್ನ ಫೋನು ಹೊಡೆದುಕೊಂಡಿತು. ವಿಮೆ ಕಂಪನಿಯವರು! ಕೈ ತೊಳೆದು ಬರುವಷ್ಟರಲ್ಲಿ ಚಿನ್ನಿ ಹೊರಗಿನಿಂದ ಓಡಿಬಂದು ಎತ್ತಿಬಿಟ್ಟಿದ್ದಳು.

"ಹಲೋ... ಪೇಷಂಟ್ ನಾನೇ ರೀ... ಛಲೋ ಅದೀನ್ರಿ. ಹೊರಗ ಕುಂಟಾಟ ಆಡಾಕತ್ತಿದ್ದೆ. ನೀವೇ ಫೋನ್ ಮಾಡೀರಿ!"

ಕೌಂಟರಿನವ ತಲೆ ಮೇಲೆ ಕೈ ಹೊತ್ತ. ಅತ್ತೆ, "ಮುಗೀತಪಾ ಕ್ಲೇಮು!" ಅಂದರು.

ನಾನು ಮಾತ್ರ ಫೋನನ್ನೇ ನೋಡುತ್ತಿದ್ದೆ. ಅದು ಅವಳ ಬಲಗಿವಿಗಿತ್ತು! ಬಲಗಿವಿಗೆ! ಒಂದು ಪ್ರಶ್ನೆಯನ್ನೂ ಬಿಡದೆ ಉತ್ತರ ಕೊಟ್ಟಿದ್ದಳು! "ಕೇಳಸ್ತದರೀ! ಇಕಿಗೆ ಕೇಳಸ್ತದ!" ಅಂತ ಕೂಗಿದೆ. ಅತ್ತೆ ಕ್ಲೇಮು ಮರೆತು ಮೊಮ್ಮಗಳನ್ನು ಅಪ್ಪಿಕೊಂಡು ಅತ್ತರು. ಡಾಕ್ಟರಮ್ಮ ಬಂದು ಪರೀಕ್ಷಿಸಿ ನಕ್ಕರು. ಸಂಜೆಗೇ ಡಿಸ್ಚಾರ್ಜ್. ಗುರುಗುಂಟಾದವರೂ ನಮ್ಮ ಜತೆ ಮಸ್ಕಿಗೆ ಬಂದು ಉಳಿದ ರೊಟ್ಟಿ ಮುಗಿಸಿದರು.

ಒಂದು ರಾತ್ರಿ ತಡೆದಿದ್ದರೆ ಕ್ಲೇಮು ಬರುತ್ತಿತ್ತಲ್ಲ ಅಂತ ಫೋನಿನ ಕಥೆ ಗೊತ್ತಿಲ್ಲದ ಮಂದಿ ಈಗಲೂ ಮರುಗುತ್ತಾರೆ. ಬಲಗಿವಿಯಲ್ಲಿ ಗುಟ್ಟು ಹೇಳಿದರೂ ಓಣಿಗೆಲ್ಲ ಸಾರುವ ಹುಡುಗಿಯನ್ನು ಯಾವ ಜಡ್ಡಿಗೆ ಅಂತ ಮಲಗಿಸಲಿ, ನೀವೇ ಹೇಳಿ?