ಕುರಿತಲೆಯ ಮುಂದೆ ಕೊಟ್ಟ ನಕಲು

ನಮ್ಮೂರಿಗೆಲ್ಲ ಎಜೆ, ಅಂದರೆ ಅಕ್ಕ, ಈ ಸಾಯ್ರಕಾನ್. ಅವಳು ಕುದುರೆ ಹಾಲನ್ನು ಹುಳಿ ಬರಿಸಿ ಮಾಡುವ ಕುಮಿಸ್ ಸಾಮಾನ್ಯದ್ದಲ್ಲ. ಒಂದು ಸಲ ಚರ್ಮದ ಚೀಲದ ಬಿರಡೆ ಹಾರಿ, ಮೇಲೆ ಸುತ್ತುತ್ತಿದ್ದ ಹದ್ದಿಗೆ ಬಡಿದು, ಹದ್ದು ನೇರ ನನ್ನ ಟೋಪಿಗೆ ಬಿತ್ತು. ನಂಬದವರು ಬಂದು ಟೋಪಿಯ ತೂತು ನೋಡಬಹುದು. ಅದು ಇಲಿ ಕಡಿದದ್ದು ಅನ್ನುತ್ತಾಳೆ ನನ್ನ ಹೆಂಡತಿ. ಅವಳ ಮಾತು ಬಿಡಿ.

ಎಜೆಗೆ ಗಂಡನಿಲ್ಲ. ಬೇಸಿಗೆ ಬಂತೆಂದರೆ ಬೆಟ್ಟದ ಹುಲ್ಲುಗಾವಲಲ್ಲಿ, ತೊರೆಯ ಪಕ್ಕ ಅವಳ ಗುಡಾರ ಏಳಬೇಕು. ಅವಳ ಅತ್ತೆಯೂ ಅಲ್ಲೇ ಹಾಕುತ್ತಿದ್ದಳು. ಆ ಜಾಗ ಹೋದರೆ ಕುದುರೆಗಳಿಗೆ ನೀರಿಲ್ಲ. ಕುದುರೆ ಹೋದರೆ ಎಜೆಗೆ ಬದುಕಿಲ್ಲ. ಅದೇ ಜಾಗ ಪ್ರವಾಸಿಗರ ಬಿಡಾರಕ್ಕೆ ಬೇಕೆಂದು ಬೆಟ್ಟದ ಕೆಳಗಿನ ಮನೆಯ ತೊಕ್ತೊನಾಲಿ ಅರ್ಜಿ ಹಾಕಿದ. ತಕರಾರಿದ್ದರೆ ಲಿಖಿತವಾಗಿ ಕೊಡಬೇಕೆಂದು ಜಿಲ್ಲಾ ಕಚೇರಿಯಿಂದ ಎಜೆಗೆ ನೋಟಿಸು ಬಂತು.

ಬರೆದು ಒಯ್ದಳು. ಗುಮಾಸ್ತೆ ಐಜಮಾಲ್ ಹಾಗೇ ವಾಪಸು ತಳ್ಳಿದಳು. ಮೊದಲು ಎದುರು ಪಾರ್ಟಿಗೆ ನಕಲು ಮುಟ್ಟಿಸಿ ಸಹಿ ತರಬೇಕಂತೆ. ಅವನು ಒಲ್ಲೆ ಅಂದರೆ, ಒಲ್ಲೆ ಅಂದನೆಂದು ಇಬ್ಬರು ಸಾಕ್ಷಿಗಳು ಬರೆದುಕೊಡಬೇಕಂತೆ. ಇಲ್ಲದಿದ್ದರೆ ಸೋಮವಾರದ ವಿಚಾರಣೆಯಲ್ಲಿ ಅವಳ ಕಾಗದ ಲೆಕ್ಕಕ್ಕಿಲ್ಲ.

ಇದು ತೊಕ್ತೊನಾಲಿಗೂ ಗೊತ್ತಿತ್ತು. ಮನೆಗೆ ಹೋದರೆ ಸಂತೆಗೆ ಹೋಗಿದ್ದಾನೆ, ಸಂತೆಗೆ ಹೋದರೆ ಮನೆಗೆ ಹೋದ. ರೊಟ್ಟಿ ಒಲೆಯೊಳಗೆ ಇಳಿದು ಕೂತಿದ್ದನೆಂದು ಹೇಳುತ್ತಾರೆ. ಹುಬ್ಬಿನ ಮಸಿ ನಾನೇ ಕಂಡೆ.

ಅಂಚೆಗೆ ಹಾಕು, ಮುಟ್ಟಿದಾಗ ಮುಟ್ಟಲಿ ಎಂದು ನಾನು ಸಮಾಧಾನ ಹೇಳಿದೆ. ಎಜೆ ನನ್ನನ್ನೇ ದುರುಗುಟ್ಟಿ ನೋಡಿದಳು.

"ಎಲ್ಲಿ ಅಡಗಿದ್ರೂ ಊಟಕ್ಕೆ ಕೂತೇ ಕೂರ್ತಾನಲ್ಲ, ತಾತ."

ಶನಿವಾರ ನಮ್ಮೂರ ಬೈಶೆನನ ಮನೆಯಲ್ಲಿ ಮೊಮ್ಮಗು ಮೊದಲ ಹೆಜ್ಜೆ ಇಟ್ಟ ಸಂಭ್ರಮದ ಔತಣ. ಗಣ್ಯನೆಂದು ತೊಕ್ತೊನಾಲಿಯ ಮುಂದೆ ಬೇಯಿಸಿದ ಕುರಿಯ ತಲೆ ಇಟ್ಟರು. ಅವನು ಹಿಗ್ಗಿ ಚಾಕು ಕೈಗೆತ್ತಿಕೊಂಡ. ಅವನು ಕೆಟ್ಟದ್ದು ಅಲ್ಲೇ. ತಲೆ ತೆಗೆದುಕೊಂಡವನು ಅದನ್ನು ಕೊಯ್ದು ಎಲ್ಲರಿಗೂ ಹಂಚುವ ತನಕ ಏಳುವ ಹಾಗಿಲ್ಲ. ಎದ್ದರೆ ಆ ಮನೆಗೇ ಅವಮಾನ.

ಆಗ ಎಜೆ ಒಳಗೆ ಬಂದಳು.

"ತೊಕ್ತೊನಾಲಿ, ತಗೋ. ನಿನ್ನ ಅರ್ಜಿಗೆ ನನ್ನ ಉತ್ತರ."

"ಊಟದ ಹೊತ್ತಲ್ಲಿ ಇದೇನು ಎಜೆ? ಕೈಯೆಲ್ಲ ಜಿಡ್ಡು."

"ಟವೆಲ್ ತಂದಿದೀನಿ. ಒರೆಸ್ಕೋ."

"ನಾನು ತಗೊಳಲ್ಲ."

"ಬೇಡ ಬಿಡು. ತಗೊಳಲ್ಲ ಅಂದಿದ್ದು ಎಲ್ರಿಗೂ ಕೇಳಿಸ್ತಲ್ಲ? ಇಬ್ರು ಸಹಿ ಹಾಕಿ."

ತೊಕ್ತೊನಾಲಿ ಅರ್ಧ ಎದ್ದ. ಬೈಶೆನನ ಮುದಿ ತಾಯಿ ತಲೆ ಕೂಡ ಎತ್ತಲಿಲ್ಲ. "ಕೂತ್ಕೋ ಮಗನೇ. ಮಗೂಗೆ ಇನ್ನೂ ಕುರಿ ಕಿವಿ ಕೊಯ್ದು ಕೊಟ್ಟಿಲ್ಲ."

ಕೂತ.

ಮೊದಲ ಸಹಿ ನನ್ನದು. ನನ್ನ ಸಹಿ ಸ್ವಲ್ಪ ಉದ್ದ, ಬಾಲ ಮೇಜುಬಟ್ಟೆಯ ಮೇಲೂ ಹರಿಯಿತು. ಆಮೇಲೆ ನಾನು ತಾನು ಎಂದು ಇಡೀ ಪಂಕ್ತಿಯೇ ನುಗ್ಗಿತು.

ಸೋಮವಾರ ಬೆಳಗ್ಗೆ ಕಚೇರಿಯಲ್ಲಿ ಕಾಗದ ನೋಡಿ ಐಜಮಾಲ್, ಇಬ್ಬರು ಸಾಕಿತ್ತಲ್ಲ ಅಂದಳಂತೆ.

"ಇರ್ಲಿ, ಮಿಕ್ಕಿದ್ದು ಚಳಿಗಾಲಕ್ಕಾಗತ್ತೆ," ಎನ್ನುತ್ತ ಎಜೆ ತನ್ನ ಪ್ರತಿಯನ್ನೂ ಮುಂದೆ ತಳ್ಳಿದಳು. "ಇದಕ್ಕೂ ಸೀಲು ಒತ್ತಮ್ಮ, ತಾರೀಖು ಹಾಕಿ. ನಾಳೆ ನಾನು ಕೊಟ್ಟೇ ಇಲ್ಲ ಅಂತ ನೀವು ಅಂದ್ಬಿಟ್ರೆ?"

ವಿಚಾರಣೆಯಲ್ಲಿ ಎಜೆಯ ಉತ್ತರ ಓದಿದರು: ಅತ್ತೆಯ ಕಾಲದಿಂದ ಪ್ರತಿ ಬೇಸಿಗೆ ತಮ್ಮ ಗುಡಾರ ಅಲ್ಲೇ. ತೊಕ್ತೊನಾಲಿಯೋ ಅದು ಯಾರೂ ಬಳಸದ ಜಾಗವೆಂದು ಬರೆದಿದ್ದ. ಅವನ ಅರ್ಜಿ ಬಿದ್ದುಹೋಯಿತು.

ಈ ಬೇಸಿಗೆಯೂ ತೊರೆಯ ಪಕ್ಕ ಗುಡಾರ ಎದ್ದಿದೆ. ಬಾಗಿಲನ್ನು ಮಾತ್ರ ಎಜೆ ಕೆಳಗಿರುವ ತೊಕ್ತೊನಾಲಿಯ ಮನೆಗೆ ಸರಿಯಾಗಿ ಎದುರು ಬರುವಂತೆ ತಿರುಗಿಸಿ ಹಾಕಿದ್ದಾಳೆ.