ಶ್ರುತಿ ಬಿಡಲಾರದ ದತ್ತ

ಸ್ವೀಡನ್ನಿನ ವೆಸ್ಟೆರಾಸ್ ಊರಿನ ಕಂಪನಿಯೊಂದರಲ್ಲಿ ಟ್ರಾನ್ಸ್‌ಫಾರ್ಮರುಗಳ ನಕ್ಷೆ ಬರೆದು ಹೊಟ್ಟೆ ಹೊರೆಯುತ್ತಿದ್ದ ದತ್ತಾತ್ರೇಯನಿಗೆ ಸಂಗೀತ ಬರುತ್ತಿತ್ತು ಎಂದರೆ ಸಂಗೀತಕ್ಕೇ ಅವಮಾನ. ಚಿಕ್ಕಂದಿನಲ್ಲಿ ಮೈಸೂರಿನ ರಾಜಲಕ್ಷ್ಮಿ ಟೀಚರ ಬಳಿ ಸರಳೆ ಮುಗಿಸಿ ಜಂಟಿವರಸೆಗೆ ಕಾಲಿಡುವಷ್ಟರಲ್ಲಿ ಕ್ರಿಕೆಟ್ ಅವನನ್ನು ಎಳೆದುಕೊಂಡು ಹೋಗಿತ್ತು. ಉಳಿದದ್ದು ಶ್ರುತಿ ಮಾತ್ರ. ಷಡ್ಜ ಒಮ್ಮೆ ಕಿವಿಗೆ ಬಿದ್ದರೆ ಜಿಗಣೆಯ ಹಾಗೆ, ಉಪ್ಪು ಹಾಕಿದರೂ ಬಿಡದು.

ಆಫೀಸಿನಲ್ಲಿ ಫಿಕಾ ಎಂಬ ಹರಟೆಯ ವಿರಾಮದಲ್ಲಿ ಕಾಫಿ ಹೀರುತ್ತ ಚಳಿಯ ವಿಷಯ ಬಿಟ್ಟರೆ ಅವನಿಗೆ ಬೇರೆ ಮಾತು ಸಿಗುತ್ತಿರಲಿಲ್ಲ. ಮಾತು ಬಾರದಿದ್ದರೆ ದನಿಯಾದರೂ ನಾಲ್ಕು ಜನರೊಡನೆ ಬೆರೆಯಲಿ ಎಂದು 2006ರ ಶರತ್ಕಾಲದಲ್ಲಿ ಊರಿನ ಗಾಯನವೃಂದ ಸೇರಿದ. ಪಕ್ಕದಲ್ಲಿ ನಿಲ್ಲುವ ನಿವೃತ್ತ ಲೋಕೋ ಡ್ರೈವರ್ ಲೆನಾರ್ಟ್ ಹಾಡಿದ್ದನ್ನು ಕೇಳಿ ಕೇಳಿಯೇ ಕಲಿತ.

ಆ ವರ್ಷ ಅಭ್ಯಾಸಕ್ಕೆ ಬಂದದ್ದು ರಖ್ಮಾನಿನೋವ್ ಎಂಬ ರಷ್ಯನ್ ಸಂಯೋಜಕನ ಚರ್ಚ್ ಗೀತೆಗಳು. ವಾದ್ಯದ ಆಸರೆ ಇಲ್ಲ, ಬರೀ ಕಂಠ. ನಿರ್ದೇಶಕಿ ಗುನಿಲ್ಲಾ ಅವನ ಕಥೆ ಹೇಳಿದಳು: ಮೊದಲ ಸಿಂಫನಿ ನೆಲಕಚ್ಚಿದ ಮೇಲೆ ಕೆಲವು ವರ್ಷ ಅವನ ಲೇಖನಿ ಹೆಚ್ಚುಕಮ್ಮಿ ನಿಂತೇಹೋಯಿತು. ಕ್ರಾಂತಿಯ ಚಳಿಗಾಲದಲ್ಲಿ ಹೆಂಡತಿ ಮಕ್ಕಳೊಡನೆ ಇದೇ ಸ್ವೀಡನ್‌ಗೆ ಬಂದಿಳಿದ. ಮತ್ತೆ ತನ್ನ ದೇಶಕ್ಕೆ ಹೋಗಲಿಲ್ಲ, ಮೊದಲಿನಷ್ಟು ಬರೆಯಲೂ ಇಲ್ಲ. ವರ್ಕ್ ಪರ್ಮಿಟ್ ಹಿಡಿದು ವಿಮಾನದಲ್ಲಿ ಊಟ ಮಾಡುತ್ತ ಬಂದ ದತ್ತ, ನಾಚಿಕೆಯಿಲ್ಲದೆ, ಅವನಿಗೂ ತನಗೂ ನಂಟು ಕಟ್ಟಿಕೊಂಡ.

ತೊಂದರೆ ಎರಡನೇ ಪುಟದಲ್ಲಿತ್ತು. ವಾದ್ಯವಿಲ್ಲದೆ ಹಾಡುವಾಗ ತಂಡದ ಶ್ರುತಿ ಕೂದಲೆಳೆಯಷ್ಟು ಇಳಿಯುತ್ತಿತ್ತು. ಎಲ್ಲರೂ ಒಟ್ಟಿಗೇ ಇಳಿಯುವುದರಿಂದ ಯಾರಿಗೂ ನೋವಿಲ್ಲ. ದತ್ತ ಮಾತ್ರ ಮೊದಲಿನ ಮೆಟ್ಟಿಲಲ್ಲೇ ನಿಂತು ಕೂಗುತ್ತಿದ್ದ.

"ನಿನ್ನದು ತಪ್ಪಲ್ಲ ದತ್ತಾ. ಆದರೆ ನಮ್ಮ ಜೊತೆ ಕೆಳಗೆ ಬಾ," ಎಂದಳು ಗುನಿಲ್ಲಾ.

"ಬರ್ತೀನಿ," ಎಂದ. ಬರಲಾಗಲಿಲ್ಲ.

ಮನೆಯಲ್ಲಿ ಫ್ರಿಜ್ಜಿನ ಮುಂದೆ ನಿಂತು, ಅದರ ಗುಂಯ್‌ಗಿಂತ ಬೇಕೆಂದೇ ತಗ್ಗಿಸಿ ಹಾಡಲು ಹೆಣಗಿದ. ದನಿ ತಾನಾಗಿ ಅದಕ್ಕೇ ಹೋಗಿ ಅಂಟಿಕೊಂಡಿತು.

"ಫ್ರಿಜ್ ಜೊತೆ ಜುಗಲ್‌ಬಂದೀನಾ?" ಎಂದಳು ಹೆಂಡತಿ ಶ್ರಾವಣಿ. "ಅಲ್ವೋ ದತ್ತ, ಆಫೀಸಲ್ಲಿ ಬಾಸ್ ಏನಂದ್ರೂ ತಲೆ ಆಡಿಸ್ತೀಯ. ಸ್ವಲ್ಪ ಶ್ರುತಿ ಅಡ್ಜಸ್ಟ್ ಮಾಡ್ಕೊಳ್ಳೋಕೆ ಏನು ಕಷ್ಟ?"

"ತಲೆ ನಂದು ಕಣೇ, ಕಿವಿ ರಾಜಲಕ್ಷ್ಮಿ ಟೀಚರ್‌ದು."

ಚರ್ಚಿನಲ್ಲಿ ನಡೆಯಬೇಕಿದ್ದ ಗಾಯನ ಕಛೇರಿಯ ಹಿಂದಿನ ವಾರ ಗುನಿಲ್ಲಾ ಅವನನ್ನು ಪಕ್ಕಕ್ಕೆ ಕರೆದಳು. ಬಯ್ಯಲು ಬಾರದ ಊರಿನ ಮೆಲುದನಿಯಲ್ಲಿ, "ಮೊದಲ ಗೀತೆ ಹಾಡು. ಆಮೇಲೆ ಬಾಯಿ ಮಾತ್ರ ಆಡಿಸು. ನಿನ್ನ ಜಾಗದಲ್ಲಿ ನಿಂತಿರು, ಅದು ಮುಖ್ಯ," ಎಂದಳು. ಹೊರಗೆ ಹಾಕಿದ್ದರೆ ಜಗಳವಾಡಬಹುದಿತ್ತು. ಇಷ್ಟು ಒಳ್ಳೆಯತನದ ಮುಂದೆ ಏನು ಮಾಡುವುದು? ದತ್ತ ತಲೆ ಆಡಿಸಿದ.

ಚರ್ಚ್ ತುಂಬಿತ್ತು. ಮೊದಲ ಗೀತೆ ಮುಗಿಯಿತು. ಎರಡನೆಯದರಲ್ಲಿ ಅವನ ಬಾಯಿ ತೆರೆಯಿತು, ಮುಚ್ಚಿತು. ತಂಡ ಮೆಲ್ಲಗೆ ಇಳಿಯುತ್ತ ಹೋಯಿತು. ಇಳಿದರೂ ಅದೆಷ್ಟು ಚೆಂದ! ಅವನ ಕಿವಿಯಲ್ಲಿ ಮಾತ್ರ ಮೊದಲಿನ ಷಡ್ಜ ಹಾಗೇ ಕಚ್ಚಿಕೊಂಡಿತ್ತು.

ಚಪ್ಪಾಳೆಯ ನಂತರ, ಏನೂ ಗೊತ್ತಿಲ್ಲದ ಲೆನಾರ್ಟ್ ಒದ್ದೆ ಕಣ್ಣಲ್ಲಿ ಕೈ ಕುಲುಕಿದ. "ಇವತ್ತು ನೀನು ನಿಜವಾಗಿ ನಮ್ಮವನಾದೆ. ಎಂಥ ಹೊಂದಾಣಿಕೆ!"

ಕೇಳಲು ಬಂದಿದ್ದ ಶ್ರಾವಣಿ ಕೋಟು ಕೊಡುತ್ತ, "ನಿನ್ನ ದನಿ ಕೇಳಿಸಲೇ ಇಲ್ಲ ಕಣೋ," ಎಂದಳು.

"ಬೆರೆತುಹೋಗಿತ್ತು," ಎಂದ ದತ್ತ. ಲೆನಾರ್ಟ್ ಇನ್ನೂ ಅವನ ಕೈ ಬಿಟ್ಟಿರಲಿಲ್ಲ.