ದೊಡ್ಡ ಕೋವಿಯ ಒದೆತ

ಮರ ಕೊಯ್ಯುವ ಮಿಲ್ಲಿನಲ್ಲಿ ಅವನನ್ನು ಎಲ್ಲರೂ ಹೂಂಗಪ್ಪ ಎಂದೇ ಕರೆಯುತ್ತಿದ್ದರು. ಯಾರು ಏನು ಹೇಳಿದರೂ ಹೂಂ ಎನ್ನುವ ಆಸಾಮಿ. ಮಿಲ್ಲು ಅಣ್ಣನದು, ಹಲಗೆ ಹೊರುವುದು ತಮ್ಮನಾದ ಇವನ ಪಾಲು. ಅಣ್ಣ ಬಾಯಿ ತೆರೆದರೆ ಬೈಗುಳವೇ. ಹಾಗಾಗಿ ಒಂದು ಭಾನುವಾರ ಅವನೇ ಮನೆ ಮುಂದೆ ಕಾರು ನಿಲ್ಲಿಸಿ, ಹಳೇ ರೈಫಲ್ ಒಂದನ್ನು ನೋಡಲು ಹೋಗುತ್ತಿದ್ದೇನೆ, ನೀನೂ ಬಾ ಎಂದಾಗ ತಮ್ಮನಿಗೆ ಸ್ವರ್ಗ ಮೂರೇ ಗೇಣು. ಒಗೆದ ಅಂಗಿ ಸಿಕ್ಕಿಸಿಕೊಂಡು ಹೊರಟ. ನಿಮ್ಮಣ್ಣ ಸುಮ್ಮಸುಮ್ಮನೆ ಕರೆಯುವ ಗಿರಾಕಿಯಲ್ಲ ಎಂದು ಹೆಂಡತಿ ಬಾಗಿಲಲ್ಲಿ ನಿಂತು ಗೊಣಗಿದ್ದು ಅವನ ಕಿವಿಗೆ ಬೀಳಲಿಲ್ಲ.

ಮಾರುವವನು ಬೀಗ ರಿಪೇರಿಯ ಮುದುಕ. ಹಿಂದೆ ಬೇಟೆಗಾರ, ಈಗ ಕೈ ನಡುಗುತ್ತದೆ. ಕಾಡೆಮ್ಮೆಯನ್ನೂ ಒಂದೇ ಏಟಿಗೆ ಕೆಡವುವಂಥ ಕೋವಿ ಅವನ ಮಂಚದ ಮೇಲೆ ಕಂಬಳಿ ಹೊದ್ದು ಮಲಗಿತ್ತು.

ಅಣ್ಣ ಆತುರಪಡಲಿಲ್ಲ. ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟ್ ತೆಗೆದು, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ಗೆರೆಗಳು ಸವೆದಿವೆಯೇ, ತುಕ್ಕು ತಿಂದಿದೆಯೇ ಎಂದು ನೋಡಿದ. ಮರದ ಹಿಡಿಯ ಮೇಲೆ ಉಗುರು ಎಳೆದು ಬಿರುಕು ಹುಡುಕಿದ. ಈ ಅಳತೆಯ ತೋಟಾ ಪೇಟೆಯಲ್ಲಿ ಸಿಗುತ್ತದೆಯೇ, ಲೈಸೆನ್ಸ್ ಸರಿಯಿದೆಯೇ, ಯಾರಾದರೂ ಬಿಚ್ಚಿ ಜೋಡಿಸಿದ್ದಾರೆಯೇ ಎಂದು ಕೆದಕಿ ಕೆದಕಿ ಕೇಳಿದ. ಕೊನೆಯ ಪ್ರಶ್ನೆಗೆ ಮುದುಕ ತಡವರಿಸಿದ. ಬೋಲ್ಟನ್ನು ತಾನೇ ಬದಲಿಸಿದ್ದಾಗಿಯೂ, ಆಮೇಲೆ ಹೊಡೆದು ನೋಡಿಲ್ಲವೆಂದೂ ಒಪ್ಪಿಕೊಂಡ.

ಹೊಡೆದು ನೋಡಲೆಂದು ಮೂವರೂ ಪಾಳುಬಿದ್ದ ಕಲ್ಲುಕ್ವಾರಿಗೆ ಹೋದರು.

"ಮೊದಲ್ನೇ ಗುಂಡಿಗೆ ಇದನ್ನ ಅಲ್ಲಿ ಬಿದ್ದಿರೋ ಟೈರಿಗೆ ಬಿಗಿದು, ಟ್ರಿಗರಿಗೆ ದಾರ ಕಟ್ಟಿ ದೂರದಿಂದ ಎಳೆಯೋಣ," ಎಂದ ಮುದುಕ. "ಬೋಲ್ಟ್ ಹಿಡೀಲಿಲ್ಲ ಅಂದ್ರೆ ಮುಖಕ್ಕೇ ಬರುತ್ತೆ."

"ಎಷ್ಟು ಒದೆಯುತ್ತೆ ಅಂತ ದಾರಕ್ಕೆ ಗೊತ್ತಾಗುತ್ತಾ?" ಅಣ್ಣ ತಮ್ಮನ ಕಡೆ ಕತ್ತು ಕುಣಿಸಿದ. "ಇವನು ಹೊಡೀತಾನೆ. ಅದಕ್ಕೇ ಕರ್ಕೊಂಡು ಬಂದಿದ್ದು."

ತಮ್ಮ ಟೈರಿನ ಕಡೆಗೊಮ್ಮೆ ನೋಡಿದ. ಆದರೂ ಹೂಂ ಎಂದ. ಅಣ್ಣನೆದುರು ಹೇಡಿಯಂತೆ ಕಾಣಬಾರದು ಎಂಬುದೊಂದೇ ಅವನ ಚಿಂತೆ. ಕೋವಿ ಮುಟ್ಟಿಯೇ ಗೊತ್ತಿರಲಿಲ್ಲ. ಅದನ್ನು ಹೆಗಲಿಗೆ ಹೇಗೆ ಒತ್ತಿಕೊಳ್ಳಬೇಕೆಂದು ಮುದುಕ ಹೇಳಹೊರಟರೆ, ಅಣ್ಣ ಆಗಲೇ ಮುದುಕನ ರಟ್ಟೆ ಹಿಡಿದು ಬಂಡೆಯ ಮರೆಗೆ ಎಳೆದೊಯ್ದಿದ್ದ.

ಬೋಲ್ಟ್ ತಡೆಯಿತು. ಹೆಗಲ ಮೂಳೆ ತಡೆಯಲಿಲ್ಲ.

ತಮ್ಮ ಜಲ್ಲಿಯ ಮೇಲೆ ಬಿದ್ದು ಹೊರಳಾಡುತ್ತಿದ್ದರೆ ಅಣ್ಣ ಮೊದಲು ಎತ್ತಿಕೊಂಡದ್ದು ಕೋವಿಯನ್ನು. ಹಿಡಿಗೆ ಗೀರು ಬಿದ್ದಿದೆ ಎಂದು ತೋರಿಸಿ, ಅಲ್ಲೇ ನಿಂತು ಬೆಲೆ ಇಳಿಸಿದ. ವಾಪಸು ಬರುವಾಗ ಕೋವಿ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿತ್ತು. ತಮ್ಮ ಮುಂದೆ ಮುದುಡಿ ಕುಳಿತು ಪ್ರತಿ ಹೊಂಡಕ್ಕೂ ಹಲ್ಲು ಕಚ್ಚಿದ.

ಮೂಳೆ ಸೊಟ್ಟಗೆ ಕೂಡಿತು. ಹಲಗೆ ಹೊರಲಾಗದವನಿಗೆ ಮಿಲ್ಲಿನಲ್ಲಿ ಮರದ ಹೊಟ್ಟು ಗುಡಿಸುವ ಕೆಲಸ ಸಿಕ್ಕಿತು. ಅಣ್ಣನೋ, ಆ ಕೋವಿಯಿಂದ ಒಂದು ಗುಂಡೂ ಹಾರಿಸಲಿಲ್ಲ. ತಮ್ಮನ ಹೆಗಲು ನೋಡಿದವನಿಗೆ ಧೈರ್ಯ ಎಲ್ಲಿಂದ ಬರಬೇಕು. ಕೆಲವು ವರ್ಷಗಳ ಮೇಲೆ ಅದನ್ನು ಮಾರಲು ಹೊರಟ. ನೋಡಲು ಮಿಲ್ಲಿಗೆ ಬಂದ ಕಟುಕ, ಇದರ ಬಲ ಹೇಗೆ ಎಂದು ಕೇಳಿದ್ದೇ ತಡ, ಅಣ್ಣ ತಮ್ಮನನ್ನು ಕೂಗಿ ಕರೆದು ಅಂಗಿ ಬಿಚ್ಚಿಸಿದ.

ಕಟುಕ ಉಬ್ಬಿ ನಿಂತ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದ. "ಈಗ್ಲೂ ನೋವಿದ್ಯಾ?"

"ಏನಿಲ್ಲ, ಯಾವಾಗ್ಲೋ ವಾಸಿ ಆಯ್ತು," ಎಂದ ಅಣ್ಣ.

"ಇದೆ," ಎಂದ ತಮ್ಮ. ಹುಟ್ಟಿದಾಗಿನಿಂದ ಅವನು ಅಣ್ಣನಿಗೆ ಎದುರಾಡಿದ್ದು ಅದೇ ಮೊದಲು. "ಆ ಮಗ್ಗುಲಿಗೆ ಮಲಗೋಕಾಗಲ್ಲ. ತುತ್ತು ಎತ್ತೋಕೂ ಎಡಗೈನೇ."

ವ್ಯಾಪಾರ ಮುರಿದುಬಿತ್ತು ಎಂದುಕೊಂಡು ಅವನು ಕಟುಕನನ್ನೇ ನೋಡಿದ. ಕಟುಕನ ಮುಖ ಅರಳಿತು. ತನಗೆ ಇಂಥ ಬಲದ್ದೇ ಬೇಕಿತ್ತೆಂದು ಹೇಳಿ ಕೋವಿಯನ್ನು ಎತ್ತಿಕೊಂಡ. ತಮ್ಮ ಒಂದೇ ಕೈಯಲ್ಲಿ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದ. ಅದು ಮುಗಿಯುವ ಮೊದಲೇ ಅಣ್ಣ, ಮರದ ಹೊಟ್ಟು ಗಾಳಿಗೆ ಹಾರುತ್ತಿದೆ, ಹೋಗಿ ಗುಡಿಸು ಎಂದು ಗದರಿದ.